ಮೈ ತಪಾಸಣೆ ನಿಲ್ಲಲಿ, ಚಿಕಿತ್ಸೆಯ ಬಾಗಿಲು ತೆರೆಯಲಿ

"ಇಲ್ಲಿದ್ದು ಏನ್ ಮಾಡ್ತಿ? ಹೊರಗಿನ ದೇಶಕ್ಕ ಹೋಗಿಬಿಡು. ಅಲ್ಲಿ ಯಾರೂ ಏನೂ ಅನ್ನಂಗಿಲ್ಲ." ಹುಬ್ಬಳ್ಳಿಯ ಕಮರಿಪೇಟೆಯಂಥ ಓಣಿಯಲ್ಲಿ ತಾನು ಟ್ರಾನ್ಸ್‌ಜೆಂಡರ್ ಎಂದು ಬಾಯಿಬಿಟ್ಟ ಯುವಜನರಿಗೆ ಸಿಗಬಹುದಾದ ಅತ್ಯಂತ ಮೆತ್ತಗಿನ ಮಾತು ಇದು. ಹೊಡೆತಕ್ಕಿಂತ, ರಾತ್ರೋರಾತ್ರಿ ಮನೆಯಿಂದ ಹೊರಹಾಕುವುದಕ್ಕಿಂತ ಇದು ಮೇಲು, ಒಪ್ಪುತ್ತೇನೆ. ಆದರೂ ಇದನ್ನು ಸಲಹೆ ಎನ್ನಲಾರೆ. ಹುಟ್ಟಿದ ಊರಿನಲ್ಲಿ ನಿನಗೆ ಜಾಗವಿಲ್ಲ ಎಂದು ಪ್ರೀತಿಯ ದನಿಯಲ್ಲಿ ಹೇಳುವ ಗಡೀಪಾರು ಇದು.

ಕಮರಿಪೇಟೆಗೆ ಹೆಸರಿನ ಭಾರ ಚೆನ್ನಾಗಿ ಗೊತ್ತು. ಒಂದು ಕಾಲದಲ್ಲಿ ಕಳ್ಳಭಟ್ಟಿಯ ಜತೆ ತಳಕು ಹಾಕಿಕೊಂಡ ಕಾರಣಕ್ಕೆ, ವಿಳಾಸ ಹೇಳಿದ ಕೂಡಲೇ ಎದುರಿನವರ ಮುಖ ಬದಲಾಗುವುದನ್ನು ಇಲ್ಲಿನ ದುಡಿದುಣ್ಣುವ ಕುಟುಂಬಗಳು ಕಂಡಿವೆ. ಮಾಡದ ತಪ್ಪಿಗೆ ಅನುಮಾನದ ಕಣ್ಣು ಎದುರಿಸುವುದು ಹೇಗಿರುತ್ತದೆಂದು ಬಲ್ಲ ಓಣಿಯೇ ತನ್ನ ಮಕ್ಕಳ ಮೇಲೆ ಅದೇ ಕಣ್ಣು ಹಾಯಿಸಬಾರದು. ಮನೆಯವರು ಮಗನೆಂದು ಬೆಳೆಸಿದ ಮಗು ತಾನು ಹೆಣ್ಣು ಎಂದರೆ, ಮಗಳೆಂದು ಬೆಳೆಸಿದ್ದು ತಾನು ಗಂಡು ಎಂದರೆ, ಅದರಿಂದ ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ.

ಓಣಿಯ ಅನುಮಾನಕ್ಕಿಂತ ಅಪಾಯದ್ದು ಸರ್ಕಾರದ ಅನುಮಾನ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರ ಸಮೀಕ್ಷೆ ಆರಂಭಿಸಿತು. ಸೌಲಭ್ಯ ತಲುಪಿಸಲು ಲೆಕ್ಕ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಸಮೀಕ್ಷೆ ನಡೆದದ್ದು ಆಸ್ಪತ್ರೆಗಳಲ್ಲಿ. ಬಟ್ಟೆ ಬಿಚ್ಚಿಸಿ ಗುರುತು ಖಚಿತಪಡಿಸಿಕೊಳ್ಳಲಾಗುತ್ತಿದೆ ಎಂಬ ದೂರು ಹೈಕೋರ್ಟಿನ ಮೆಟ್ಟಿಲೇರಿತು. ಎಣಿಸುವ ನೆಪದಲ್ಲಿ ಮನುಷ್ಯರ ಮೈ ನೋಡಬಹುದು ಎಂಬ ಯೋಚನೆ ಯಾವುದೇ ಅಧಿಕಾರಿಗೆ ಬಂದರೂ ಅದು ನಾಚಿಕೆಗೇಡು.

ಇಂಥ ಪಟ್ಟಿಗಳ ಬಗ್ಗೆ ಟ್ರಾನ್ಸ್‌ಜೆಂಡರ್ ಸಮುದಾಯಕ್ಕಿರುವ ಭಯ ನಿನ್ನೆ ಮೊನ್ನೆಯದಲ್ಲ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಎರಡನೆಯ ಭಾಗ ಇವರ ಹೆಸರು, ವಿಳಾಸಗಳನ್ನು ಪೊಲೀಸ್ ದಫ್ತರಕ್ಕೆ ಸೇರಿಸಲು ಹೇಳಿತ್ತು. ಅದೇ ಕಾನೂನಿನ ಮುಂದಿನ ರೂಪ ಬೇರೆ ಸಮುದಾಯಗಳನ್ನು ಬೇಲಿಯೊಳಗೆ ಕೂಡಿಹಾಕಿದ್ದು ನಮ್ಮ ಹುಬ್ಬಳ್ಳಿಯಲ್ಲೇ; ಸೆಟ್ಲಮೆಂಟ್ ಎಂಬ ಪ್ರದೇಶ ಇಂದಿಗೂ ಆ ಹೆಸರನ್ನು ಹೊತ್ತಿದೆ. ಸ್ವತಂತ್ರ ಭಾರತದಲ್ಲಿ, 2011ರಷ್ಟು ಈಚೆಗೆ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮು ಸೇರಿಸಿ ಮತ್ತೆ ಇವರ ನೋಂದಣಿಗೆ ಅವಕಾಶ ಮಾಡಲಾಯಿತು. ಹೋರಾಟದ ನಂತರ ಕಲಮಿನಿಂದ ಆ ಸಮುದಾಯದ ಹೆಸರು ತೆಗೆದರು. ಪಟ್ಟಿ ಎಂದೊಡನೆ ಬೆಚ್ಚುವವರನ್ನು ದೂರುವ ಮುನ್ನ ಈ ಚರಿತ್ರೆ ನೆನಪಿರಲಿ.

2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿತು: ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವುದು ವ್ಯಕ್ತಿಯ ಹಕ್ಕು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವುದು ಕಾನೂನುಬಾಹಿರ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆಯಡಿ ರೂಪಿಸಿದ 2020ರ ನಿಯಮಗಳೂ ಜಿಲ್ಲಾಧಿಕಾರಿ ಯಾವುದೇ ದೇಹಪರೀಕ್ಷೆ ಇಲ್ಲದೆ ಗುರುತಿನ ಪ್ರಮಾಣಪತ್ರ ಕೊಡಬೇಕು ಎಂದವು. ಅದೇ ಕಾಯ್ದೆ, ಗಂಡು ಅಥವಾ ಹೆಣ್ಣು ಎಂದು ಬರೆಸಿಕೊಳ್ಳಬೇಕಾದರೆ ಶಸ್ತ್ರಚಿಕಿತ್ಸೆಯ ಪುರಾವೆ ತನ್ನಿ ಎಂದಿತು. ಕೋರ್ಟ್ ಮುಚ್ಚಿದ ಬಾಗಿಲನ್ನು ಸಂಸತ್ತು ಹಿತ್ತಲಿನಿಂದ ತೆರೆಯಿತು. ದೇಹವೇ ಪುರಾವೆ ಎಂಬ ಚಾಳಿ ಅಲ್ಲಿಂದಲೇ ಆಡಳಿತಕ್ಕೆ ಧೈರ್ಯ ಪಡೆಯುತ್ತದೆ.

"ಪರೀಕ್ಷೆ ಇಲ್ಲದಿದ್ದರೆ ಸುಳ್ಳು ಹೇಳಿ ಸೌಲಭ್ಯ ಹೊಡೆಯುತ್ತಾರೆ" ಎನ್ನುವವರಿದ್ದಾರೆ. ಸೌಲಭ್ಯ ಎಷ್ಟು? ತಿಂಗಳಿಗೆ ಸಾವಿರ ರೂಪಾಯಿಯ ಆಸುಪಾಸಿನ ಮೈತ್ರಿ ಮಾಸಾಶನ. 2021ರಲ್ಲಿ ಕರ್ನಾಟಕ ದೇಶಕ್ಕೇ ಮೊದಲಾಗಿ ಕೊಟ್ಟ, ಸರ್ಕಾರಿ ನೌಕರಿಯಲ್ಲಿ ಶೇ 1ರ ಸಮತಲ ಮೀಸಲಾತಿ. ಅದಕ್ಕಾಗಿ ಬಾಡಿಗೆ ಮನೆ, ಮದುವೆ, ಬಳಗ ಎಲ್ಲವನ್ನೂ ಪಣಕ್ಕಿಡುವವರು ಎಷ್ಟು ಮಂದಿ ಸಿಕ್ಕಾರು? ಸುಳ್ಳು ಜಾತಿ ಪ್ರಮಾಣಪತ್ರ ಪಡೆದವರೂ ಈ ರಾಜ್ಯದಲ್ಲಿದ್ದಾರೆ. ಅವರಿಗೆ ಶಿಕ್ಷೆ ಕೊಡುತ್ತೇವೆ. ಜಾತಿ ಪ್ರಮಾಣಪತ್ರ ಕೇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಅವಮಾನಿಸುವುದಿಲ್ಲ. ಇಲ್ಲಿಯೂ ಅದೇ ನ್ಯಾಯ ನಡೆಯಲಿ.

ಮೈಯಲ್ಲಿ ಪುರಾವೆ ಹುಡುಕುವುದು ನಮ್ಮ ನೆಲದ ತಿಳಿವಳಿಕೆಗೂ ವಿರುದ್ಧ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪಂದಿರು ತಲೆಮಾರುಗಳಿಂದ ಉತ್ತರ ಕರ್ನಾಟಕದ ಮನೆಮನೆಗೆ ಪಡಲಿಗೆ ಹೊತ್ತು ಬಂದಿದ್ದಾರೆ. ಅವರ ಸಂಪ್ರದಾಯ ಶಸ್ತ್ರಚಿಕಿತ್ಸೆ ಕೇಳಲಿಲ್ಲ. ಭಕ್ತರೂ ಕೇಳಲಿಲ್ಲ, ಕೈಮುಗಿದರು. ಅದೇ ಪರಂಪರೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಾವು ಚಪ್ಪಾಳೆ ತಟ್ಟಿದೆವು. ದೇವಿಯ ಮುಂದೆ ಕೈಮುಗಿಯುವ, ವೇದಿಕೆಯ ಮುಂದೆ ಚಪ್ಪಾಳೆ ತಟ್ಟುವ ಸಮಾಜ ಕಾಲೇಜಿನ ಹಾಜರಿ ಪುಸ್ತಕದಲ್ಲಿ, ಬಾಡಿಗೆ ಕರಾರಿನಲ್ಲಿ ಇಂಥವರು ತಾವೇ ಆರಿಸಿಕೊಂಡ ಹೆಸರನ್ನು ಒಪ್ಪದಿದ್ದರೆ ಆ ಗೌರವ ಅರ್ಧದ್ದು.

ಈಗ ಆರೋಗ್ಯದ ಮಾತು. ಗೌರವದಿಂದ ಮಾತಾಡಿಸುವ ವೈದ್ಯರು ಸಿಗದಿದ್ದಾಗ ಹತ್ತೊಂಬತ್ತು, ಇಪ್ಪತ್ತರ ಟ್ರಾನ್ಸ್ ಹುಡುಗಿಯೊಬ್ಬಳು ಹಾರ್ಮೋನಿಗಾಗಿ ಗೆಳತಿ ಹೇಳಿದ ಗರ್ಭನಿರೋಧಕ ಮಾತ್ರೆಯನ್ನು ಔಷಧದ ಅಂಗಡಿಯಿಂದ ತಂದು ನುಂಗುತ್ತಾಳೆ. ಆ ಮಾತ್ರೆಗಳಲ್ಲಿರುವ ಈಸ್ಟ್ರೋಜನ್ ಹೆಚ್ಚಾದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಟೆಸ್ಟೋಸ್ಟೆರಾನ್ ಚುಚ್ಚುಮದ್ದು ತೆಗೆದುಕೊಳ್ಳುವ ಟ್ರಾನ್ಸ್ ಪುರುಷರಿಗೆ ರಕ್ತ ಗಟ್ಟಿಯಾಗುವ ಸಾಧ್ಯತೆ ಇರುವುದರಿಂದ ಆಗಾಗ ರಕ್ತಪರೀಕ್ಷೆ ಬೇಕು. "ಮೊಬೈಲ್ ನೋಡಿ ಹುಡುಗರು ಅವಸರ ಮಾಡ್ತಾರ" ಎಂದು ಕಳವಳಪಡುವ ತಂದೆತಾಯಿಗೆ ನನ್ನ ಉತ್ತರವೂ ಇದೇ. ನಿಮ್ಮ ಕಳವಳ ನಿಜವಾಗಿದ್ದರೆ ವೈದ್ಯರ ಬಾಗಿಲು ಮುಚ್ಚಬೇಡಿ. ಬಾಗಿಲು ಮುಚ್ಚಿದಷ್ಟೂ ಅಂಗಡಿಯ ಮಾತ್ರೆ ಹತ್ತಿರವಾಗುತ್ತದೆ. ಮಗುವನ್ನು "ಸರಿಪಡಿಸಲು" ಮನೋವೈದ್ಯರ ಬಳಿಗೆ ಎಳೆದೊಯ್ಯುವವರಿಗೂ ಎರಡು ಸಂಗತಿ ತಿಳಿದಿರಲಿ: ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಟ್ರಾನ್ಸ್‌ಜೆಂಡರ್ ಆಗಿರುವುದನ್ನು ಮನೋರೋಗಗಳ ಪಟ್ಟಿಯಿಂದ ಹೊರಗಿಟ್ಟಿದೆ, ಇಂಥ ಪರಿವರ್ತನಾ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಇನ್ನು ಹೊರದೇಶ. ಆ ದಾರಿಯೂ ಕಮರಿಪೇಟೆಯಿಂದಲೇ ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೊಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಪಾಸ್‌ಪೋರ್ಟ್ ವಿಚಾರಣೆಗೆ ಪೊಲೀಸರು ಓಣಿಗೆ ಬಂದು ಹಳೆಯ ಹೆಸರು ಹಿಡಿದು ವಿಚಾರಿಸಿದರೆ, ಬಚ್ಚಿಟ್ಟ ಬದುಕು ಒಂದೇ ಮಧ್ಯಾಹ್ನದಲ್ಲಿ ಬಯಲಾಗುತ್ತದೆ. ಜನನ ಪ್ರಮಾಣಪತ್ರ ತಿದ್ದಿಸಲು ಒಬ್ಬರು ಹೈಕೋರ್ಟಿಗೇ ಹೋಗಬೇಕಾಯಿತು. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಹಳೆಯ, ಹೊಸ ವಿವರಗಳೆರಡನ್ನೂ ನಮೂದಿಸಿ ಪತ್ರ ಕೊಡಲು ದಾರಿ ಮಾಡಿತು.

ಹೋದ ಮೇಲಾದರೂ ನೆಮ್ಮದಿ ಕಾದಿದೆಯೇ? ಜರ್ಮನಿಯಲ್ಲಿ 2024ರ ನವೆಂಬರಿನಿಂದ ದಾಖಲೆಯಲ್ಲಿ ಲಿಂಗ ಬದಲಿಸಲು ಸ್ವಯಂ ಘೋಷಣೆ ಸಾಕು, ಆದರೆ ವಿದೇಶಿಯರಿಗೆ ವಾಸದ ಪರವಾನಗಿಯ ಷರತ್ತಿದೆ. ಅಮೆರಿಕದಲ್ಲಿ 2025ರ ಜನವರಿ 20ರ ಅಧ್ಯಕ್ಷೀಯ ಆದೇಶ ಹುಟ್ಟಿನ ಲಿಂಗವೊಂದನ್ನೇ ಮಾನ್ಯ ಮಾಡಿತು. ಬ್ರಿಟನ್ನಿನಲ್ಲಿ ಸರ್ಕಾರಿ ಕ್ಲಿನಿಕ್ಕಿನ ಮೊದಲ ಭೇಟಿಗೇ ವರ್ಷಗಟ್ಟಲೆ ಕಾಯುವ ಸರದಿ. ಟೆಸ್ಟೋಸ್ಟೆರಾನ್ ಅಮೆರಿಕ, ಬ್ರಿಟನ್ ಎರಡರಲ್ಲೂ ನಿಯಂತ್ರಿತ ಔಷಧ. ವೈದ್ಯರ ಚೀಟಿಯಿಲ್ಲದೆ ಚೀಲದಲ್ಲಿ ಅಮೆರಿಕಕ್ಕೆ ಒಯ್ದರೆ ಅಪರಾಧವಾಗಬಹುದು. ಆ ಚೀಟಿಯನ್ನಾದರೂ ಬರೆಯಬೇಕಾದವರು ಇಲ್ಲಿನ ವೈದ್ಯರೇ. ಇಲ್ಲಿ ಕಾಗದ, ಚಿಕಿತ್ಸೆ ಎರಡೂ ಸಿಗದವರಿಗೆ ವಿಮಾನವೂ ಇಲ್ಲ, ಮನೆಯೂ ಇಲ್ಲ.

2025ರ ಅಕ್ಟೋಬರಿನಲ್ಲಿ ಟ್ರಾನ್ಸ್ ಶಿಕ್ಷಕಿ ಜೇನ್ ಕೌಶಿಕ್ ಪ್ರಕರಣದ ತೀರ್ಪು ಬರೆಯುತ್ತ ಸುಪ್ರೀಂ ಕೋರ್ಟ್, 2019ರ ಕಾಯ್ದೆಯನ್ನು ನಿರ್ಜೀವ ಅಕ್ಷರವಾಗಿಸಿದ ಸರ್ಕಾರಗಳನ್ನು ತರಾಟೆಗೆ ತೆಗೆದುಕೊಂಡಿತು. ಆ ಅಕ್ಷರಕ್ಕೆ ಜೀವ ಬರಬೇಕಾದದ್ದು ಜಿಲ್ಲೆಗಳಲ್ಲಿ. ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಕಿಮ್ಸ್ ಎಂದೇ ಊರು ಕರೆಯುವ ವಿದ್ಯಾನಗರದ ಸರ್ಕಾರಿ ಆಸ್ಪತ್ರೆಯೂ ಸೇರಿದಂತೆ ಎಲ್ಲ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಹಾರ್ಮೋನು, ಮಾನಸಿಕ ಆರೋಗ್ಯ ಮತ್ತು ಶಸ್ತ್ರಚಿಕಿತ್ಸೆಯ ತಜ್ಞರು ಒಟ್ಟಿಗೆ ಸಿಗುವ ದಿನವೊಂದು ವಾರವಾರ ಇರಲಿ. 2022ರಲ್ಲಿ ಆಯುಷ್ಮಾನ್ ಯೋಜನೆಯಡಿ ಘೋಷಿಸಿದ ವರ್ಷಕ್ಕೆ 5 ಲಕ್ಷ ರೂಪಾಯಿಯ ನೆರವು ಅಲ್ಲಿಯೇ ಬಳಕೆಗೆ ಬರಲಿ. ಧಾರವಾಡದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಪ್ರಮಾಣಪತ್ರ ಪಡೆದ ಮೇಲೆ ಅಂಕಪಟ್ಟಿ, ಜನನ ಪತ್ರ, ಪಾಸ್‌ಪೋರ್ಟ್‌ಗೆಂದು ಬೇರೆ ಬೇರೆ ಕಚೇರಿ ಅಲೆಯುವ ಪಾಡು ತಪ್ಪಲಿ. ಯಾವ ಸಮೀಕ್ಷೆಯಲ್ಲೂ, ಯಾವ ಠಾಣೆಯಲ್ಲೂ, ಯಾರ ಮೈಯನ್ನೂ ಪುರಾವೆಗೆಂದು ಮುಟ್ಟಕೂಡದೆಂಬ ಲಿಖಿತ ಆದೇಶ ಹೊರಡಲಿ. ಮೀರಿದ ಅಧಿಕಾರಿಗೆ ಶಿಕ್ಷೆಯಾಗಲಿ.

ಇಷ್ಟಾದ ಮೇಲೂ ಕಮರಿಪೇಟೆಯ ಯುವತಿಯೊಬ್ಬಳು ಬರ್ಲಿನ್ನಿಗೆ ಓದಲು ಹೊರಟರೆ ಸಂತೋಷದಿಂದ ಬೀಳ್ಕೊಡೋಣ. ಆಗ ಅವಳು ಎಲ್ಲರ ಮಕ್ಕಳ ಹಾಗೆ ಓದಿಗಾಗಿ, ದುಡಿಮೆಗಾಗಿ ಹೋಗಿರುತ್ತಾಳೆ. ಮರಳಿ ಬರಬೇಕೆನಿಸಿದ ದಿನ ಬರಲು ಅವಳಿಗೊಂದು ಊರು ಇರುತ್ತದೆ.