ಹವಾ ಬದಲಾವಣೆಯೆಂಬ ಹುಸಿಮದ್ದು

ಹಿಂದೆ ನಮ್ಮ ಊರುಗಳಲ್ಲಿ ರೋಗ ಯಾವುದೆಂದು ಡಾಕ್ಟರಿಗೆ ಗೊತ್ತಾಗದಿದ್ದಾಗ ಬರೆದುಕೊಡುತ್ತಿದ್ದ ಔಷಧಿಯೊಂದಿತ್ತು. ಅದರ ಹೆಸರು ಹವಾ ಬದಲಾವಣೆ. ರೋಗಿ ನಂದಿಬೆಟ್ಟಕ್ಕೋ ಮಡಿಕೇರಿಗೋ ಹೋಗಿ ಹದಿನೈದು ದಿನ ಇದ್ದು ಬರುತ್ತಿದ್ದ. ಗುಣವಾದರೆ ಡಾಕ್ಟರಿಗೆ ಕೀರ್ತಿ. ಆಗದಿದ್ದರೆ ರೋಗಿಯ ಹಣೆಬರಹ. ಔಷಧಿ ಮಾತ್ರ ಎಂದೂ ಸೋತದ್ದಿಲ್ಲ. ಅಂಥ ಔಷಧಿಯನ್ನೇ ಇಂದು ಅಮೆರಿಕ-ಕೆನಡಾಗಳ ಐಸ್ ಹಾಕಿ ತಂಡಗಳು ತಮ್ಮ ಆಟಗಾರರಿಗೆ ಧಾರಾಳವಾಗಿ ಕುಡಿಸುತ್ತಿವೆ. ಅದನ್ನು ಕುರಿತು ನಾಲ್ಕು ಮಾತು ಹೇಳಬೇಕಾಗಿದೆ.

ಕಳೆದ ಚಳಿಗಾಲದಲ್ಲಿ ಟೊರಾಂಟೋದಿಂದ ನನ್ನ ಅಕ್ಕನ ಮಗ ರಜೆಗೆ ಬಂದಿದ್ದ. ಅವನಿಗೆ ಮಾತೆತ್ತಿದರೆ ಐಸ್ ಹಾಕಿ. (ಇದು ನಮ್ಮ ಕೊಡಗಿನವರು ಆಡಿ ಮೆರೆದ ಹಾಕಿಯಲ್ಲ. ಕಾಲಿಗೆ ಸ್ಕೇಟು ಕಟ್ಟಿಕೊಂಡು, ಕಡೆಗೆ ಆರಾರು ಮಂದಿ, ಹಿಮದ ನೆಲದ ಮೇಲೆ ಪಕ್ ಎಂಬ ರಬ್ಬರಿನ ಬಿಲ್ಲೆಯನ್ನು ಅಟ್ಟಾಡಿಸುವ ಆಟ.) ಸಂಘದ ವಾಚನಾಲಯದಲ್ಲಿ ಒಂದು ಸಂಜೆ ಕಾಫಿ ಕುಡಿಯುತ್ತ, ತನ್ನ ತಂಡದಲ್ಲಿ ಗೋಲು ಹೊಡೆಯದೆ ಕುಂಟುತ್ತಿರುವ ಆಟಗಾರನೊಬ್ಬನ ವಿಚಾರ ತೆಗೆದ. "ಅವನಿಗೆ ಜಾಗ ಬದಲಾಗಬೇಕು ಮಾವ. ಬೇರೆ ತಂಡಕ್ಕೆ ಕೊಟ್ಟುಬಿಟ್ಟರೆ ಅವನಿಗೂ ಒಳ್ಳೆಯದು, ನಮಗೂ ಒಳ್ಳೆಯದು" ಎಂದ. ಸುತ್ತ ಕುಳಿತಿದ್ದ ನಮ್ಮ ಸಂಘದ ಹಿರಿಯರು ನ್ಯಾಯವೇ ಸರಿ ಎನ್ನುವಂತೆ ತಲೆಯಾಡಿಸಿದರು. ನಾನು ಅಂದು ಸುಮ್ಮನಿದ್ದೆ. ಆಮೇಲೆ ತಿಂಗಳುಗಟ್ಟಲೆ ಆ ಲೀಗಿನ ಲೆಕ್ಕಪತ್ರಗಳನ್ನು ಓದಿದ್ದೇನೆ. ಈಗ ನನ್ನ ಉತ್ತರ ಬರೆಯುತ್ತಿದ್ದೇನೆ.

ನ್ಯಾಷನಲ್ ಹಾಕಿ ಲೀಗಿನಲ್ಲಿ ಇಂದು 32 ತಂಡಗಳಿವೆ. 2025-26ರ ಋತುವಿನಲ್ಲಿ ತಂಡವೊಂದಕ್ಕೆ 82 ಪಂದ್ಯಗಳಿದ್ದವು. ಆಟಗಾರ ಸಹಿ ಹಾಕಿದ ಕರಾರು ತಂಡದ ಸ್ವತ್ತು. ಮಾಲೀಕರ ಪರವಾಗಿ ಜನರಲ್ ಮ್ಯಾನೇಜರನು ಆ ಕರಾರನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಬದಲಿಗೆ ಬೇರೆ ಆಟಗಾರರನ್ನೋ ಮುಂದಿನ ವರ್ಷ ಹುಡುಗರನ್ನು ಆರಿಸಿಕೊಳ್ಳುವ ಸರದಿಯನ್ನೋ ಪಡೆಯಬಹುದು. ಆಟಗಾರನ ಒಪ್ಪಿಗೆ ಬೇಕಿಲ್ಲ. 'ನನ್ನನ್ನು ಕೇಳದೆ ಕಳಿಸಕೂಡದು' ಎಂಬ ಷರತ್ತನ್ನು ಕರಾರಿನಲ್ಲಿ ಸೇರಿಸಿಕೊಳ್ಳಬಹುದು, ನಿಜ. ಆದರೆ ವಯಸ್ಸು 27 ಆಗುವವರೆಗೆ ಅಥವಾ ಏಳು ಋತು ಸೇವೆ ಮುಗಿಯುವವರೆಗೆ ಅದು ಜಾರಿಗೆ ಬರುವಂತಿಲ್ಲ. ಅಂದರೆ, ಹವಾ ಬದಲಾವಣೆಯ ಮಾತು ಯಾರ ವಿಷಯದಲ್ಲಿ ಹೆಚ್ಚಾಗಿ ಏಳುತ್ತದೆಯೋ, ಆ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರಿಗೆ ಬಾಯಿಯೇ ಇಲ್ಲ.

ಕೇಂದ್ರ ಸರ್ಕಾರದ ಗುಮಾಸ್ತನಾದ ನನಗೆ ಇದು ಹೊಸದೇನಲ್ಲ. 'ಸಾರ್ವಜನಿಕ ಹಿತದೃಷ್ಟಿಯಿಂದ' ಎಂದು ಶುರುವಾಗುವ ವರ್ಗಾವಣೆ ಆದೇಶಗಳನ್ನು ಎಷ್ಟೋ ಟೈಪು ಮಾಡಿದ್ದೇನೆ. ಸಾರ್ವಜನಿಕರ ಹಿತ ಯಾವುದು ಎಂದು ಯಾವ ಕಡತದಲ್ಲೂ ಓದಿದ ನೆನಪಿಲ್ಲ. ಆದರೂ ನಮಗೆ ಬೇರೆ ಊರಿಗೆ ವರ್ಗವಾದರೆ ಹೊಸ ಜಾಗದಲ್ಲಿ ಹಾಜರಾಗಲು ಕಡಿಮೆಯೆಂದರೆ ಹತ್ತು ದಿನದ ಅವಕಾಶವುಂಟು. ಋತುವಿನ ನಡುವೆ ವಿನಿಮಯವಾದ ಹಾಕಿ ಆಟಗಾರ ಇಂದು ಫೋನಿನಲ್ಲಿ ಸುದ್ದಿ ಕೇಳಿ ನಾಳೆಯೋ ನಾಡಿದ್ದೋ ಹೊಸ ಅಂಗಿ ತೊಟ್ಟು ಕಣಕ್ಕಿಳಿಯಬೇಕು. ಹೆಂಡತಿ ಮಕ್ಕಳು, ಬಾಡಿಗೆ ಮನೆ, ಶಾಲೆ, ಎಲ್ಲ ಆಮೇಲೆ.

ಇರಲಿ, ಅವರಿಗೆ ಸಂಬಳ ಹೆಚ್ಚು ಎಂದು ಓದುಗರು ಹೇಳಬಹುದು. ಒಪ್ಪಿದೆ. ಔಷಧಿ ಫಲಿಸುತ್ತದೆಯೇ ಎಂಬುದನ್ನಷ್ಟೇ ನೋಡೋಣ. ಅದಕ್ಕೆ ಒಂದೇ ಒಂದು ವಿನಿಮಯವನ್ನು ಎತ್ತಿಕೊಳ್ಳುತ್ತೇನೆ. ಮೂವರು ಆಟಗಾರರ ಕಥೆ ಅದರಲ್ಲಿದೆ.

2018ರ ಜುಲೈ 1. ಬಫಲೋ ತಂಡ ತನ್ನ ರಯಾನ್ ಒರೈಲಿಯನ್ನು ಸೇಂಟ್ ಲೂಯಿಸ್ ತಂಡಕ್ಕೆ ಕೊಟ್ಟಿತು. ಆ ವರ್ಷ ಬಫಲೋ ಇಡೀ ಲೀಗಿಗೇ ಕೊನೆಯ ಸ್ಥಾನದಲ್ಲಿ ಬಿದ್ದಿತ್ತು. ಸೋತು ಸೋತು ಆಟದ ಮೇಲಿನ ಪ್ರೀತಿಯೇ ಆಗಾಗ ಹೊರಟುಹೋಗುತ್ತಿತ್ತು ಎಂದು ಒರೈಲಿ ಋತುವಿನ ಕೊನೆಯಲ್ಲಿ ಪತ್ರಕರ್ತರ ಮುಂದೆ ಮನಸ್ಸು ಬಿಚ್ಚಿ ಹೇಳಿದ್ದ. ಪ್ರಾಮಾಣಿಕವಾಗಿ ಮಾತನಾಡಿದ ಮನುಷ್ಯನಿಗೆ ಮೂರೇ ತಿಂಗಳಲ್ಲಿ ಹವಾ ಬದಲಾವಣೆಯಾಯಿತು. ಬದಲಿಗೆ ಬಫಲೋಗೆ ಬಂದವರಲ್ಲಿ ಇಬ್ಬರನ್ನು ಇಲ್ಲಿ ಹೆಸರಿಸಬೇಕು: ಸ್ವೀಡನ್ನಿನ ಪ್ಯಾಟ್ರಿಕ್ ಬರ್ಗ್ಲಂಡ್ ಮತ್ತು ಎತ್ತರದ ಹುಡುಗ ಟೇಜ್ ಥಾಂಪ್ಸನ್.

ಒರೈಲಿಯದು ನನ್ನ ಎದುರಾಳಿಗಳ ಕೈಗೆ ಸಿಗುವ ಕಥೆ. ಮುಂದಿನ ಜೂನಿನಲ್ಲಿ, ಅಂದರೆ 2019ರಲ್ಲಿ, ಸೇಂಟ್ ಲೂಯಿಸ್ ತನ್ನ ಚರಿತ್ರೆಯಲ್ಲೇ ಮೊದಲ ಸಲ ಸ್ಟ್ಯಾನ್ಲಿ ಕಪ್ ಗೆದ್ದಿತು. ಅಂತಿಮ ಸುತ್ತುಗಳ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕಾನ್ ಸ್ಮೈಥ್ ಪಾರಿತೋಷಕ ಒರೈಲಿಗೆ ಬಂತು. "ನೋಡಿದಿರಾ ಜಾಗದ ಮಹಿಮೆ!" ಎಂದು ಕೈತಟ್ಟುವವರು ಸ್ವಲ್ಪ ತಾಳಬೇಕು.

ಬರ್ಗ್ಲಂಡ್ ಹತ್ತು ಋತುಗಳನ್ನು ಸೇಂಟ್ ಲೂಯಿಸಿನಲ್ಲೇ ಕಳೆದವನು. ತನಗೆ ಬೇಡವಾದ ತಂಡಗಳ ಪಟ್ಟಿ ಕೊಡುವ ಹಕ್ಕು ಅವನ ಕರಾರಿನಲ್ಲಿತ್ತು. ಆ ಪಟ್ಟಿ ಸಕಾಲಕ್ಕೆ ಸಲ್ಲಿಕೆಯಾಗಿರಲಿಲ್ಲ. (ಒಂದು ಕಾಗದ ಒಂದು ದಿನ ತಡವಾದರೆ ಬಾಳು ಹೇಗೆ ತಿರುಗುತ್ತದೆಂದು ನಮ್ಮ ಕಚೇರಿಗಳವರಿಗೆ ವಿವರಿಸಬೇಕಿಲ್ಲ.) ಬಫಲೋದಲ್ಲಿ ಅವನು ಆಡಿದ್ದು 23 ಪಂದ್ಯ. ಡಿಸೆಂಬರಿನಲ್ಲಿ ಒಂದು ದಿನ ತಂಡಕ್ಕೆ ಹಾಜರಾಗಲಿಲ್ಲ. ತಂಡ ಅವನ ಕರಾರನ್ನು ರದ್ದು ಮಾಡಿತು. ಬರಬೇಕಿದ್ದ ಒಂದು ಕೋಟಿ ಡಾಲರಿಗೂ ಮೀರಿದ ಹಣವನ್ನು ಬಿಟ್ಟು ಅವನು ತನ್ನ ದೇಶಕ್ಕೆ ಹೊರಟುಹೋದ. ಸೇಂಟ್ ಲೂಯಿಸನ್ನು ಬಿಟ್ಟ ಮೇಲೆ ತನ್ನ ಮನಸ್ಸು ಕುಗ್ಗಿಹೋಗಿತ್ತು ಎಂದು ಅವನೇ ಮುಂದೆ ಹೇಳಿಕೊಂಡ. ಹತ್ತು ವರ್ಷ ದುಡಿದ ತಂಡ ಅವನಿಲ್ಲದೆ ಕಪ್ ಎತ್ತಿತು. ಈತನಿಗೂ ಆದದ್ದು ಹವಾ ಬದಲಾವಣೆಯೇ ಅಲ್ಲವೇ? ಒಂದೇ ಕಾಗದ, ಒಂದೇ ದಿನ, ಒಂದೇ ಸಹಿ. ಒಬ್ಬನಿಗೆ ಪಾರಿತೋಷಕ, ಇನ್ನೊಬ್ಬನಿಗೆ ಆ ಲೀಗಿನ ಬಾಳೇ ಮುಗಿಯಿತು. ಎರಡನೆಯವನ ಹೆಸರನ್ನು ಹವಾ ಬದಲಾವಣೆಯ ಪ್ರಚಾರಕರು ಎತ್ತುವುದಿಲ್ಲ.

ಇನ್ನು ಮೂರನೆಯವನು. ಥಾಂಪ್ಸನ್ ಬಫಲೋಗೆ ಬಂದು ಮೂರು ಋತು ಕಳೆದರೂ ಮಿಂಚಲಿಲ್ಲ. 2020-21ರಲ್ಲಿ 38 ಪಂದ್ಯಗಳಲ್ಲಿ ಹೊಡೆದದ್ದು 8 ಗೋಲು. ನನ್ನ ಅಳಿಯನಂಥ ಅಭಿಮಾನಿಗಳ ಲೆಕ್ಕದಲ್ಲಿ ಇವನನ್ನೂ ಗಂಟುಮೂಟೆ ಕಟ್ಟಿಸಬೇಕಿತ್ತು. ಆದರೆ ಹೊಸದಾಗಿ ಬಂದ ತರಬೇತುದಾರ ಡಾನ್ ಗ್ರನಾಟೊ ಇವನ ಊರನ್ನು ಬದಲಿಸಲಿಲ್ಲ. ಆಡುವ ಸ್ಥಾನವನ್ನು ಬದಲಿಸಿದ. ಅಂಚಿನಲ್ಲಿ ಆಡುತ್ತಿದ್ದವನನ್ನು ಮಧ್ಯಕ್ಕೆ ತಂದ. 2021-22ರಲ್ಲಿ 78 ಪಂದ್ಯಗಳಲ್ಲಿ 38 ಗೋಲು. ಅದರ ಮರುವರ್ಷ 47. ಅದೇ ಊರು, ಅದೇ ಚಳಿ, ಅದೇ ಅಂಗಿ.

ಸೇಂಟ್ ಲೂಯಿಸ್ ಗೆದ್ದದ್ದಾದರೂ ಹೇಗೆ? 2019ರ ಜನವರಿ 3ರಂದು ಆ ತಂಡ, ಒರೈಲಿ ಒಳಗಿದ್ದೂ, ಇಡೀ ಲೀಗಿನಲ್ಲಿ ಕೊನೆಯದಾಗಿತ್ತು! ಜಾಗದ ಮಹಿಮೆ ಅಲ್ಲಿಯವರೆಗೆ ಎಲ್ಲಿಗೆ ಹೋಗಿತ್ತು? ನವೆಂಬರಿನಲ್ಲಿ ತರಬೇತುದಾರನನ್ನು ಬದಲಿಸಿದ್ದರು. ಕೆಳಗಿನ ಲೀಗಿನಲ್ಲಿ ಕಾಯುತ್ತಿದ್ದ ಗೋಲ್‌ಕೀಪರ್ ಜೋರ್ಡನ್ ಬಿನ್ನಿಂಗ್ಟನ್‌ಗೆ ಜನವರಿಯಲ್ಲಿ ಅವಕಾಶ ಕೊಟ್ಟರು. ಸೋಲುತ್ತಿದ್ದ ಆಟಗಾರರನ್ನು ಅವರು ಸಾರಾಸಗಟಾಗಿ ಊರು ಬಿಡಿಸಲಿಲ್ಲ. ಬಹುಮಟ್ಟಿಗೆ ಅದೇ ಆಟಗಾರರು ಐದು ತಿಂಗಳಲ್ಲಿ ಕಪ್ ಗೆದ್ದರು.

ಅಳಿಯ ಮೊನ್ನೆ ಫೋನಿನಲ್ಲಿ ಇನ್ನೊಂದು ಅಸ್ತ್ರ ಬಿಟ್ಟ: ಸ್ಯಾಮ್ ಬೆನೆಟ್. ಇದು ಬಲವಾದ ಅಸ್ತ್ರವೇ. 2014ರಲ್ಲಿ ನಾಲ್ಕನೆಯವನಾಗಿ ಆಯ್ಕೆಯಾಗಿ ಕ್ಯಾಲ್ಗರಿ ಸೇರಿದ ಹುಡುಗ. 2020-21ರಲ್ಲಿ ಅಲ್ಲಿ 38 ಪಂದ್ಯಗಳಿಂದ ಅವನ ಗಳಿಕೆ 12 ಅಂಕ (ಗೋಲು ಹೊಡೆದರೂ ಗೋಲಿಗೆ ನೆರವಾದರೂ ಒಂದೊಂದು ಅಂಕ). 2021ರ ಏಪ್ರಿಲಿನಲ್ಲಿ ಫ್ಲಾರಿಡಾಕ್ಕೆ ಕಳಿಸಿದರು. ಅದೇ ಋತುವಿನ ಉಳಿದ ಹತ್ತೇ ಪಂದ್ಯಗಳಲ್ಲಿ 15 ಅಂಕ! 2024 ಮತ್ತು 2025ರಲ್ಲಿ ಫ್ಲಾರಿಡಾ ಕಪ್ ಗೆದ್ದಾಗ ಬೆನೆಟ್ ತಂಡದಲ್ಲಿದ್ದ. ಎರಡನೆಯ ಸಲ ಕಾನ್ ಸ್ಮೈಥ್ ಪಾರಿತೋಷಕವೂ ಅವನದೇ.

ಒಪ್ಪಿದೆ. ಆದರೆ ಫ್ಲಾರಿಡಾದಲ್ಲಿ ಬೆನೆಟ್‌ಗೆ ಸಿಕ್ಕಿದ್ದು ಕಡಲ ಗಾಳಿಯಲ್ಲ. ಕ್ಯಾಲ್ಗರಿಯಲ್ಲಿ ಅವನು ಬಹುಪಾಲು ಕೆಳಗಿನ ಸಾಲುಗಳಲ್ಲಿ, ಅಂಚಿನಲ್ಲಿ ಆಡುತ್ತಿದ್ದ. ಫ್ಲಾರಿಡಾ ಅವನನ್ನು ಮೇಲಿನ ಸಾಲಿನ ಮಧ್ಯಕ್ಕೆ ತಂದು, ಪಕ್ಕದಲ್ಲಿ ಜೊನಾಥನ್ ಹ್ಯುಬರ್ಡೋನಂಥ ಆಟಗಾರನನ್ನು ನಿಲ್ಲಿಸಿತು. ಕ್ಯಾಲ್ಗರಿಗೆ ಇದು ಅಸಾಧ್ಯವಾಗಿತ್ತೇ? ಒಂದು ಋತುವಾದರೂ ಹೀಗೆ ಆಡಿಸಿ ನೋಡಿದ್ದರೆ ಏನು ಕಳೆದುಕೊಳ್ಳುತ್ತಿತ್ತು? ಮರವನ್ನು ನೆರಳಲ್ಲಿಟ್ಟು ಹಣ್ಣು ಬಿಡಲಿಲ್ಲವೆಂದು ಮಾರಿದ ತೋಟಗಾರ, ಕೊಂಡವನ ಹಿತ್ತಿಲಲ್ಲಿ ಹಣ್ಣು ಕಂಡು "ನಾನು ಮಾರಿದ್ದೇ ಮರಕ್ಕೆ ಒಳ್ಳೆಯದಾಯಿತು" ಎಂದು ಬೆನ್ನು ತಟ್ಟಿಕೊಂಡ ಹಾಗಾಯಿತು!

ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ಹೋದವನ ಗತಿಯನ್ನೂ ನೋಡಿ. ಆ ಹ್ಯುಬರ್ಡೋ 2021-22ರಲ್ಲಿ ಫ್ಲಾರಿಡಾದಲ್ಲಿ 115 ಅಂಕ ಗಳಿಸಿದ್ದ. 2022ರ ಜುಲೈನಲ್ಲಿ ಅವನನ್ನು ಕ್ಯಾಲ್ಗರಿಗೆ ಕೊಟ್ಟರು. ಆ ತಂಡದ ಪರ ಒಂದು ಪಂದ್ಯವನ್ನೂ ಆಡುವ ಮೊದಲೇ ಎಂಟು ವರ್ಷಕ್ಕೆ 8 ಕೋಟಿ 40 ಲಕ್ಷ ಡಾಲರಿನ ಹೊಸ ಕರಾರೂ ಆಯಿತು. ಮೊದಲ ಋತುವಿನ ಗಳಿಕೆ 55. ಅದರ ಮುಂದಿನದು 52. ಜಾಗದ ಬದಲಾವಣೆಯಿಂದ ಬಿದ್ದವನು ಏಳುವುದುಂಟಾದರೆ, ನಿಂತವನು ಬೀಳುವುದೂ ಉಂಟು. ಅಡ್ಡಪರಿಣಾಮ ಹೇಳದೆ ಔಷಧಿ ಮಾರುವವನನ್ನು ನಾವು ಏನೆನ್ನುತ್ತೇವೆ?

ಇಲ್ಲಿ ನಾನು ಕಾಲೇಜಿನಲ್ಲಿ ಕಲಿತ ಒಂದಿಷ್ಟು ಗಣಿತ ತರಬೇಕಾಗಿದೆ, ಓದುಗರು ಬೇಸರಿಸಬಾರದು. ಒಬ್ಬ ಆಟಗಾರ ಋತುವಿನಲ್ಲಿ ಗೋಲಿನತ್ತ 200 ಸಲ ಹೊಡೆಯುತ್ತಾನೆ ಎನ್ನಿ. ಹತ್ತಕ್ಕೆ ಒಂದು ಒಳಗೆ ಹೋಗುವುದು ಅವನ ನಿಜವಾದ ಶಕ್ತಿ ಎನ್ನಿ. ಲೆಕ್ಕದ ಪ್ರಕಾರ 20 ಗೋಲು. ಆದರೆ ಸಂಭವನೀಯತೆಯ ನಿಯಮದಂತೆ, ಶಕ್ತಿ ಕಿಂಚಿತ್ತೂ ಕುಂದದೆ, ಕೇವಲ ಅದೃಷ್ಟದಿಂದ, ಅವನ ಗೋಲು ಒಂದು ವರ್ಷ 12ಕ್ಕೆ ಇಳಿಯಬಹುದು, ಇನ್ನೊಂದು ವರ್ಷ 28ಕ್ಕೆ ಏರಬಹುದು. ಇದರಲ್ಲಿ ಪವಾಡವೇನೂ ಇಲ್ಲ. ನಾಣ್ಯ ಚಿಮ್ಮಿದಷ್ಟೇ ಸಹಜ. 12 ಹೊಡೆದ ವರ್ಷ ಮ್ಯಾನೇಜರನು ಅವನನ್ನು ಅಗ್ಗಕ್ಕೆ ದಾಟಿಸುತ್ತಾನೆ. ಮುಂದಿನ ವರ್ಷ ಅವನು ಎಲ್ಲೇ ಇದ್ದರೂ 20ರ ಹತ್ತಿರಕ್ಕೆ ಮರಳುವ ಸಂಭವವೇ ಹೆಚ್ಚು. ಮರಳಿದಾಗ ಪತ್ರಿಕೆಗಳು "ಹೊಸ ಊರು, ಹೊಸ ಹುರುಪು" ಎಂದು ಬರೆಯುತ್ತವೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು!

ಹಾಗಾದರೆ ಯಾರೂ ಎಲ್ಲಿಗೂ ಹೋಗಲೇಬಾರದೇ? ನಾನು ಹಾಗೆನ್ನುವುದಿಲ್ಲ. ಊರು ಬಿಟ್ಟು ಬಂದು ಪರಸ್ಥಳದಲ್ಲಿ ಬಾಳು ಕಟ್ಟಿಕೊಂಡ ನಮ್ಮ ಸಂಘದವರು ಹಾಗೆಂದರೆ ನಗೆಪಾಟಲಾದೀತು. ಹೊರಡಲೇಬೇಕೆಂದು ಮನಸ್ಸು ಮಾಡಿದವನನ್ನು ಕಟ್ಟಿಹಾಕುವುದೂ ಅನ್ಯಾಯ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವೆಲ್ಲ ನಗುತ್ತೇವೆ. ಆದರೆ ಒಂದು ಅಂಗಳದಲ್ಲಿ ಕುಣಿದವರೆಲ್ಲ ಮುಗ್ಗರಿಸಿ, ಪಕ್ಕದ ಅಂಗಳಕ್ಕೆ ಹೋಗಿ ಚೆನ್ನಾಗಿ ಕುಣಿದರೆ, ಆಗ ನೆಲವನ್ನು ಅಳೆದು ನೋಡಬೇಡವೇ? ಬಫಲೋ 2018ರಲ್ಲಿ ಒರೈಲಿಯನ್ನು ಕೊಟ್ಟಿತು. ಅವನು 2019ರಲ್ಲಿ ಕಪ್ ಗೆದ್ದ. 2021ರಲ್ಲಿ ಜ್ಯಾಕ್ ಐಕಲ್‌ನನ್ನು ವೇಗಸ್‌ಗೆ ಕೊಟ್ಟಿತು; ಅವನು 2023ರಲ್ಲಿ ಗೆದ್ದ. ಅದೇ 2021ರಲ್ಲಿ ಸ್ಯಾಮ್ ರೈನ್‌ಹಾರ್ಟ್‌ನನ್ನು ಫ್ಲಾರಿಡಾಕ್ಕೆ ಕೊಟ್ಟಿತು. ಅವನು 2024ರಲ್ಲಿ ಗೆದ್ದ, 2025ರಲ್ಲಿ ಮತ್ತೆ ಗೆದ್ದ. ಬಫಲೋ ಮಾತ್ರ 2012ರಿಂದ 2025ರವರೆಗೆ ಸತತ ಹದಿನಾಲ್ಕು ಋತು ಅಂತಿಮ ಸುತ್ತುಗಳ ಬಾಗಿಲನ್ನೇ ಕಾಣಲಿಲ್ಲ. ತರಬೇತುದಾರರನ್ನಾದರೂ ಬದಲಿಸಲಿಲ್ಲವೇ ಎಂದರೆ, ಅದನ್ನೂ ಮಾಡಿತು: 2013ರಲ್ಲಿ ಲಿಂಡಿ ರಫ್‌ನನ್ನು ತೆಗೆದು, ಆರು ಮಂದಿಯನ್ನು ಒಬ್ಬರ ಮೇಲೊಬ್ಬರಂತೆ ತಂದು, 2024ರಲ್ಲಿ ಅದೇ ರಫ್‌ನನ್ನು ವಾಪಸು ಕರೆಸಿತು. ತಪ್ಪು ಯಾರದೆಂದು ಕಂಡುಕೊಳ್ಳದೆ ಹೆಸರು ಬದಲಿಸುತ್ತ ಹೋದರೆ ಆಗುವುದು ಇದೇ.

ನನ್ನ ವಾದ ಇಷ್ಟೇ. ಹೋದವನು ಹೊಸ ಜಾಗದಲ್ಲಿ ಬೆಳಗಿದರೆ ಅದು ಹವಾ ಬದಲಾವಣೆಯ ಗೆಲುವಲ್ಲ, ಕಳಿಸಿದವನ ಮೇಲಿನ ದೋಷಾರೋಪ. ಆದ್ದರಿಂದ ಕಳಿಸುವ ಮೊದಲು ಮ್ಯಾನೇಜರನು ಮೂರು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆಯಲಿ. ಈ ಹುಡುಗನನ್ನು ಎಷ್ಟು ನಿಮಿಷ, ಯಾವ ಸ್ಥಾನದಲ್ಲಿ, ಯಾರ ಜೊತೆ ಆಡಿಸಿದೆವು? ಅವನ ಹೊಡೆತಗಳೇ ಕಡಿಮೆಯಾದವೋ, ಅದೃಷ್ಟ ಮಾತ್ರ ಕೈಕೊಟ್ಟಿತೋ? ಅವನನ್ನು ಕೂರಿಸಿಕೊಂಡು ಕೇಳಿದೆವೋ? ಮೂರಕ್ಕೂ ಸರಿಯಾದ ಉತ್ತರವಿದ್ದರೆ ಕಳಿಸಲಿ. 27 ವರ್ಷ ತುಂಬುವವರೆಗೆ ಬಾಯಿ ಕಟ್ಟುವ ಆ ನಿಯಮವನ್ನೂ ಕಿತ್ತುಹಾಕಲಿ. ಸಂಬಳದ ಹೊರೆ ಇಳಿಸಲು ಕಳಿಸುವುದಾದರೆ ಹಾಗೆಂದೇ ಹೇಳಲಿ. "ನಿನ್ನ ಒಳ್ಳೆಯದಕ್ಕೇ" ಎಂಬ ಮಾತು ಬೇಡ.

ಅಳಿಯನಿಗೆ ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೂ ಮಾವ, ಈ ನಮ್ಮವನು ಒಬ್ಬ ಮಾತ್ರ..." ಎಂದು ಶುರುಮಾಡಿದ. ಅವನನ್ನು ಎಷ್ಟು ನಿಮಿಷ ಆಡಿಸುತ್ತಾರೆ ಎಂದು ಕೇಳಿದೆ. ನೋಡಿ ಹೇಳುತ್ತೇನೆ ಎಂದಿದ್ದಾನೆ. ಇನ್ನೂ ಹೇಳಿಲ್ಲ.