ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮನುಷ್ಯನಿಗೆ ವಯಸ್ಸಾದಂತೆ ವೈದ್ಯ ಹೇಳುವವರ ಸಂಖ್ಯೆ ಹೆಚ್ಚುವುದು ಲೋಕರೂಢಿ. ಮೋಟಾರು ಕಾರಿಗೂ ಈ ನಿಯಮ ತಪ್ಪಿದ್ದಲ್ಲ. ಒಂದೂವರೆ ಲಕ್ಷ ಕಿಲೋಮೀಟರು ಓಡಿದ ಕಾರೊಂದು ಒಂದು ದಿನ ಮುಗ್ಗರಿಸತೊಡಗಿತೆಂದರೆ ಸಾಕು. ನೆರೆಮನೆಯವರು ಪ್ಲಗ್ಗು ಬದಲಾಯಿಸಿರೆನ್ನುತ್ತಾರೆ, ಕಚೇರಿಯ ಮಿತ್ರರು ಪೆಟ್ರೋಲಿನಲ್ಲಿ ಕಲಬೆರಕೆಯೆನ್ನುತ್ತಾರೆ, ಭಾವಮೈದುನನಂತೂ ಬಂದಷ್ಟಕ್ಕೆ ಮಾರಿಬಿಡಿರೆಂದು ತೀರ್ಪನ್ನೇ ಕೊಡುತ್ತಾನೆ. ಕೊನೆಗೆ ಕಾರ್ಖಾನೆಯಲ್ಲಿ ಯಾರೋ ಒಬ್ಬರು ಬಾನೆಟ್ಟನ್ನು ಎತ್ತಿ, ತಲೆಯಾಡಿಸಿ, “ಎಂಜಿನ್ನು ಇಳಿಸಬೇಕು” ಎಂದಾಗ ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟ ಹಣದ ಕಡೆಗೆ ಗೃಹಸ್ಥನ ಮನಸ್ಸು ಓಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇಂಥ ಸಂದರ್ಭಕ್ಕಾಗಿಯೇ ಹುಟ್ಟಿದಂತಿದೆ.

ನಮ್ಮ ಮೆಕ್ಯಾನಿಕರು ‘ಮಿಸ್ಸಿಂಗ್’ ಎಂದು ಕರೆಯುವ ಈ ರೋಗದ ಸ್ವರೂಪವನ್ನು ಮೊದಲು ತಿಳಿಯತಕ್ಕದ್ದು. ಪೆಟ್ರೋಲ್ ಎಂಜಿನ್ನಿನ ಪ್ರತಿಯೊಂದು ಸಿಲಿಂಡರೂ ಗಾಳಿ-ಪೆಟ್ರೋಲುಗಳ ಮಿಶ್ರಣವನ್ನು ಒಳಕ್ಕೆಳೆದು, ಅದನ್ನು ಒತ್ತಿ, ಕಿಡಿಯಿಂದ ಉರಿಸಿ, ಹೊಗೆಯನ್ನು ಹೊರದಬ್ಬುತ್ತದೆ. ಎರಡು ಸುತ್ತಿಗೊಮ್ಮೆ ಈ ಕಾರ್ಯ ಮುಗಿಯುತ್ತದೆ. ಎಂಜಿನ್ನು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ ೨೫ ಬಾರಿ ಮಿಶ್ರಣ ಉರಿಯಬೇಕು. ಹೀಗೆ ಉರಿಯಬೇಕಾದಾಗ ಉರಿಯದೆ ಹೋಗುವುದೇ ಮಿಸ್ಸಿಂಗ್. ಮೃದಂಗದವನು ಆವರ್ತಕ್ಕೊಂದು ಪೆಟ್ಟು ನುಂಗಿದರೆ ಕಛೇರಿ ಹೇಗೆ ಕೆಡುವುದೋ ಹಾಗೆಯೇ ಗಾಡಿಯ ನಡೆಯೂ ಕೆಡುತ್ತದೆ. ೧೯೮೩ರಲ್ಲಿ ರಸ್ತೆಗಿಳಿದ ಮಾರುತಿ ೮೦೦ ಕಾರಿಗೆ ಇದ್ದುದು ಮೂರೇ ಸಿಲಿಂಡರು, ಅಂಬಾಸಡರಿಗೆ ನಾಲ್ಕು. ಇವೆರಡರ ತಯಾರಿಕೆಯೂ ೨೦೧೪ರಲ್ಲಿ ನಿಂತಿತಾದರೂ ಹಲವು ಮನೆಗಳ ಅಂಗಳದಲ್ಲಿ ಅವು ಉಳಿದುಕೊಂಡಿವೆ. ಮೂವರು ಹೊರುವ ಪಲ್ಲಕ್ಕಿಯಲ್ಲಿ ಒಬ್ಬನು ಕೈಬಿಟ್ಟರೆ ಉಳಿದಿಬ್ಬರ ಪಾಡೇನಾಗುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಉರಿಯುವುದಕ್ಕೆ ಬೇಕಾದುವು ಮೂರೇ: ಹದವಾದ ಮಿಶ್ರಣ, ಸಾಕಷ್ಟು ಒತ್ತಡ, ಸಕಾಲದಲ್ಲಿ ಬಲವಾದ ಕಿಡಿ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ೧೪.೭ ಪಾಲು ಗಾಳಿಯೆಂಬುದು ಹದದ ಲೆಕ್ಕ. ಈ ಮೂರರಲ್ಲಿ ಯಾವುದು ತಪ್ಪಿದೆಯೆಂಬುದನ್ನು ಕಂಡುಹಿಡಿಯುವುದೇ ನಿದಾನ, ಉಳಿದದ್ದೆಲ್ಲ ಚಿಕಿತ್ಸೆ. ನಿದಾನವಿಲ್ಲದೆ ಚಿಕಿತ್ಸೆಗೆ ಕೈಹಾಕುವುದರಿಂದಲೇ ಹಣ ನೀರಾಗುವುದು.

ಒಳ್ಳೆಯ ವೈದ್ಯನು ನಾಡಿ ಹಿಡಿಯುವುದಕ್ಕೆ ಮುಂಚೆ ರೋಗಿಯನ್ನು ಪ್ರಶ್ನಿಸುತ್ತಾನೆ. ನಿಪುಣನಾದ ಮೆಕ್ಯಾನಿಕನೂ ಹಾಗೆಯೇ ಕೇಳುತ್ತಾನೆ: ಮುಗ್ಗರಿಸುವುದು ನಿಂತಲ್ಲಿಯೋ, ಏರಿನಲ್ಲಿಯೋ? ಬೆಳಗಿನ ತಣ್ಣಗಿನ ಹೊತ್ತಿನಲ್ಲೋ, ಕಾದ ಮೇಲೋ? ಮಳೆಯ ದಿನದಲ್ಲಿ ಹೆಚ್ಚೋ? ಈ ಪ್ರಶ್ನೆಗಳು ಹರಟೆಯಲ್ಲ. ಏರಿನಲ್ಲಿ ಎಂಜಿನ್ನು ದುಡಿಯುವಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚಿನ ವಿದ್ಯುತ್ತಿನ ಬಲ ಬೇಕು. ಸವೆದು ಸಂದು ಅಗಲವಾದ ಪ್ಲಗ್ಗು, ಬಿರುಕುಬಿಟ್ಟ ತಂತಿ, ಬಳಲಿದ ಕಾಯಿಲು ಇವು ಮನೆಯ ಮುಂದೆ ನಿಂತಾಗ ಸುಮ್ಮನಿದ್ದು, ಶಿರಾಡಿ ಘಟ್ಟದ ತಿರುವಿನಲ್ಲಿ ಕೈಕೊಡುವುದು ಇದರಿಂದಲೇ. ಅದಕ್ಕೆ ಪ್ರತಿಯಾಗಿ, ನಿಂತಲ್ಲಿ ನಡುಗಿ, ವೇಗ ಹೆಚ್ಚಿದೊಡನೆ ನಯವಾಗುವ ಗಾಡಿಯಲ್ಲಿ ಒಳಗಾಳಿಯ ದಾರಿಯ ರಬ್ಬರು ಕೊಳವೆ ಎಲ್ಲಿಯೋ ಸೀಳಿರಬಹುದು. ಲೆಕ್ಕಕ್ಕೆ ಸಿಗದೆ ನುಸುಳುವ ಗಾಳಿ ಎಂಜಿನ್ನು ಮೆಲ್ಲಗೆ ಉಸಿರಾಡುವಾಗ ದೊಡ್ಡ ಪಾಲಾಗುತ್ತದೆ; ಜೋರಾಗಿ ಉಸಿರಾಡುವಾಗ ಗಣನೆಗೆ ಬಾರದು. ಮಳೆಯಲ್ಲಿ ಮಾತ್ರ ಕಾಣುವ ರೋಗಕ್ಕೆ ತೇವ ಹೊಕ್ಕ ತಂತಿಗಳೂ, ಹಳೆಯ ಗಾಡಿಗಳಲ್ಲಿ ಡೆಲ್ಕೋ ಮುಚ್ಚಳವೂ ಮೂಲ. ಕತ್ತಲೆಯಲ್ಲಿ ಬಾನೆಟ್ಟನ್ನು ತೆರೆದು ನೋಡಿದರೆ ಸೋರುವ ಕಿಡಿ ನೀಲಿಯಾಗಿ ತಾನೇ ಕಣ್ಣಿಗೆ ಬೀಳುವುದುಂಟು.

ಎರಡನೆಯ ಹೆಜ್ಜೆ ಯಾವ ಸಿಲಿಂಡರು ಸೋಮಾರಿಯೆಂದು ಕಂಡುಕೊಳ್ಳುವುದು. ಎಂಜಿನ್ನು ಓಡುತ್ತಿರುವಾಗ ಒಂದೊಂದೇ ಸಿಲಿಂಡರಿನ ಕಿಡಿಯನ್ನೋ ಪೆಟ್ರೋಲನ್ನೋ ಕ್ಷಣಕಾಲ ತಪ್ಪಿಸಿದರೆ, ದುಡಿಯುತ್ತಿದ್ದ ಸಿಲಿಂಡರಾದರೆ ಎಂಜಿನ್ನು ಇನ್ನಷ್ಟು ಕುಗ್ಗುತ್ತದೆ. ಕುಗ್ಗದಿದ್ದರೆ ಕಳ್ಳನು ಅಲ್ಲಿಯೇ ಇದ್ದಾನೆ. ಇದು ಗೃಹಸ್ಥನು ಬರಿಗೈಯಲ್ಲಿ ಮಾಡುವ ಕೆಲಸವಲ್ಲ. ಪ್ಲಗ್ಗಿನ ತಂತಿಯಲ್ಲಿ ಹರಿಯುವುದು ಸಾವಿರಾರು ವೋಲ್ಟಿನ ವಿದ್ಯುತ್ತು. ತಂತಿಯನ್ನು ಜೋತುಬಿಟ್ಟರೆ ಹೊಸ ಬಗೆಯ ಕಾಯಿಲೂ ಕೆಡಬಹುದು. ಗಣಕಯಂತ್ರವಿರುವ ಗಾಡಿಗಳಲ್ಲಿ ಈ ತೊಂದರೆಯಿಲ್ಲ. ಎಂಜಿನ್ನಿನ ಸುತ್ತುವಿಕೆ ಎಲ್ಲಿ ಕೊಂಚ ನಿಧಾನಿಸಿತೆಂದು ಅಳೆದು ಅದು ಸಂಕೇತವೊಂದನ್ನು ಬರೆದಿಡುತ್ತದೆ: ಪಿ ೦೩೦೧ ಎಂದರೆ ಒಂದನೆಯ ಸಿಲಿಂಡರು, ಪಿ ೦೩೦೨ ಎಂದರೆ ಎರಡನೆಯದು, ಪಿ ೦೩೦೦ ಎಂದರೆ ಗೊತ್ತಾದ ಒಂದಲ್ಲ, ಹಲವು. ಆದರೆ ಒಂದು ಮಾತು: ಸಂಕೇತವು ಜ್ವರ ಯಾರಿಗೆಂಬುದನ್ನು ಹೇಳೀತೇ ಹೊರತು ಜ್ವರ ಏತಕ್ಕೆಂಬುದನ್ನು ಹೇಳದು. ಅದನ್ನು ಓದಿದ ಕೂಡಲೇ ಕಾಯಿಲು ಕೊಳ್ಳಲು ಹೊರಡುವವರು ಅರ್ಧ ದಾರಿಯಲ್ಲೇ ಗುರಿ ಮುಟ್ಟಿದೆವೆಂದು ತಿಳಿದವರು.

ಮೂರನೆಯದು ಪ್ಲಗ್ಗನ್ನು ಓದುವುದು. ಬಿಚ್ಚಿ ತೆಗೆದ ಪ್ಲಗ್ಗಿನ ತುದಿ ತಿಳಿಗಂದು ಬಣ್ಣದ್ದಾದರೆ ಆರೋಗ್ಯ. ಒಣ ಕಪ್ಪು ಮಸಿಯಾದರೆ ಪೆಟ್ರೋಲು ಅತಿ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಅತಿ ಅಥವಾ ಕಾವು ಅತಿ. ಜಿಡ್ಡಾಗಿ ಒದ್ದೆಯಾಗಿದ್ದರೆ ಎಂಜಿನ್ ಎಣ್ಣೆ ಒಳಗೆ ನುಸುಳುತ್ತಿದೆ. ತುದಿ ಶುಚಿಯಾಗಿದ್ದು ಹೊರಮೈ ಮಾತ್ರ ಎಣ್ಣೆಯಲ್ಲಿ ಮಿಂದಿದ್ದರೆ ಸಂತೋಷಪಡಬಹುದು. ಪ್ಲಗ್ಗುಗಳು ಆಳವಾದ ಕುಳಿಗಳಲ್ಲಿ ಕೂರುವ ಎಂಜಿನ್ನುಗಳಲ್ಲಿ ಮೇಲ್ಮುಚ್ಚಳದ ಸೀಲು ಒಣಗಿ ಎಣ್ಣೆ ಕುಳಿಗೆ ಇಳಿಯುವುದು ಬಹಳ ಓಡಿದ ಗಾಡಿಗಳ ಮಾಮೂಲು ಕಾಯಿಲೆ. ಸೀಲು ಬದಲಾಯಿಸಿ ಕುಳಿಯನ್ನು ಒರೆಸಿದರೆ ಗುಣವಾಗುತ್ತದೆ.

ನಾಲ್ಕನೆಯದು, ಕಾಸು ಖರ್ಚಿಲ್ಲದ ಅದಲು-ಬದಲು. ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ ಹಾಕಿದಾಗ ಮುಗ್ಗರಿಕೆಯೂ ಮೂರಕ್ಕೆ ಹೋಯಿತೆಂದರೆ ಕಾಯಿಲೇ ಅಪರಾಧಿ. ಹೋಗದಿದ್ದರೆ ಪ್ಲಗ್ಗನ್ನು ಹೀಗೆಯೇ ಪರೀಕ್ಷಿಸುವುದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕೆಂಬುದು ಇಲ್ಲಿಯ ಕಟ್ಟಳೆ. ನಾಲ್ಕು ಔಷಧಗಳನ್ನು ಒಟ್ಟಿಗೆ ಕುಡಿಸಿದವನಿಗೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದೆಂತು?

ಕಿಡಿಯೂ ಮಿಶ್ರಣವೂ ನಿರ್ದೋಷಿಗಳೆಂದು ತೀರ್ಮಾನವಾದ ಮೇಲೆ ಮಾತ್ರ ಒತ್ತಡದ ಸರದಿ. ಹೆಚ್ಚು ಓಡಿದ ಎಂಜಿನ್ನಿನ ವಿಷಯದಲ್ಲಿ ಎಲ್ಲರೂ ಭಯಪಡುವುದು ಇದಕ್ಕೇ. ಆದರೆ ಅಳೆಯದೆ ಹೇಳುವವರೇ ಹೆಚ್ಚು. ಪ್ಲಗ್ಗುಗಳನ್ನೆಲ್ಲ ತೆಗೆದು, ಕಿಡಿಯನ್ನೂ ಪೆಟ್ರೋಲನ್ನೂ ನಿಲ್ಲಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಮಾಪಕವನ್ನು ಪ್ಲಗ್ಗಿನ ರಂಧ್ರಕ್ಕೆ ಕೂಡಿಸಿ ಎಂಜಿನ್ನನ್ನು ಸ್ಟಾರ್ಟರಿನಿಂದ ತಿರುಗಿಸಿದರೆ ಪ್ರತಿ ಸಿಲಿಂಡರಿನ ಒತ್ತಡವೂ ಅಂಕಿಯಾಗಿ ಕಾಣುತ್ತದೆ. ಎಲ್ಲವೂ ಹತ್ತಿರ ಹತ್ತಿರವಿದ್ದರೆ ಎಂಜಿನ್ನು ಇಳಿಸುವ ಮಾತಿಗೆ ಆಧಾರವಿಲ್ಲ. ಒಂದು ಮಾತ್ರ ಬಹಳ ತಗ್ಗಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆಯನ್ನು ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ಏರದಿದ್ದರೆ ಸಾಮಾನ್ಯವಾಗಿ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ತಗ್ಗಿದ್ದರೆ ಅವುಗಳ ನಡುವಣ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂಶಯ.

ವಾಲ್ವಿನ ದೋಷವೆಂದೊಡನೆ ಎದೆಗುಂದಬೇಕಾಗಿಯೂ ಇಲ್ಲ. ಟ್ಯಾಪೆಟ್ಟು ಟಕಟಕ ಸದ್ದು ಮಾಡಿದರೆ ಎಲ್ಲರೂ ಗಾಬರಿಗೊಳ್ಳುತ್ತಾರೆ. ಸದ್ದಿಲ್ಲದ ಟ್ಯಾಪೆಟ್ಟನ್ನು ಯಾರೂ ಗಮನಿಸರು. ಬಹುಕಾಲ ಓಡಿದ ಎಂಜಿನ್ನಿನಲ್ಲಿ, ಅದರಲ್ಲಿಯೂ ಅನಿಲ ಇಂಧನದಲ್ಲಿ ಓಡಿದುದರಲ್ಲಿ, ವಾಲ್ವು ತನ್ನ ಪೀಠದೊಳಕ್ಕೆ ಸವೆದು ಇಳಿಯುವುದುಂಟು. ಆಗ ಟ್ಯಾಪೆಟ್ಟಿನ ಸಂದು ಇಲ್ಲವಾಗಿ ವಾಲ್ವು ಪೂರ್ತಿ ಮುಚ್ಚದು. ಕಾಲಕ್ಕೆ ಸರಿಯಾಗಿ ಸಂದನ್ನು ಹೊಂದಿಸಿದರೆ ಗಂಟೆಯೆರಡು ಗಂಟೆಯ ಕೆಲಸ. ಅಲಕ್ಷ್ಯ ಮಾಡಿದರೆ ವಾಲ್ವು ಸುಟ್ಟು ಹೆಡ್ಡನ್ನೇ ಬಿಚ್ಚಬೇಕಾಗುತ್ತದೆ. ಇನ್ನು, ಎಂಜಿನ್ನನ್ನು ಹೊತ್ತ ರಬ್ಬರು ಮೌಂಟುಗಳು ಕುಸಿದು ಗಾಡಿ ನಡುಗುವಾಗ, ಎಲ್ಲ ಸಿಲಿಂಡರುಗಳೂ ಪ್ರಾಮಾಣಿಕವಾಗಿ ದುಡಿಯುತ್ತಿದ್ದರೂ ಮಿಸ್ಸಿಂಗೆಂಬ ಅಪವಾದ ಹೊರುವುದೂ ಉಂಟು.

ಹಾಗಾದರೆ ಹಾಗೆಯೇ ಓಡಿಸುತ್ತ, ಬಿಡುವಾದಾಗ ನೋಡಿಕೊಂಡರಾಗದೇ? ಆಗದು. ಉರಿಯದೆ ಹೋದ ಪೆಟ್ರೋಲು ಎಲ್ಲಿಯಾದರೂ ಸೇರಲೇಬೇಕು. ಒಂದಷ್ಟು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಂಜಿನ್ ಎಣ್ಣೆಯನ್ನು ತೆಳುವಾಗಿಸುತ್ತದೆ. ಉಳಿದದ್ದು ಹೊಗೆಯ ದಾರಿಯಲ್ಲಿ ಕೆಟಲಿಟಿಕ್ ಕನ್ವರ್ಟರನ್ನು ಹೊಕ್ಕು ಅಲ್ಲಿ ಉರಿದು ಅದನ್ನು ಕರಗಿಸುವಷ್ಟು ಕಾಯಿಸುತ್ತದೆ. ಪ್ಲಾಟಿನಮ್ಮಿನಂಥ ಬೆಲೆಬಾಳುವ ಲೋಹಗಳನ್ನು ಲೇಪಿಸಿದ ಆ ಭಾಗದ ಕ್ರಯ ಪ್ಲಗ್ಗಿನ ಕ್ರಯಕ್ಕೆ ಹತ್ತಾರು ಪಾಲು. ಡ್ಯಾಷ್ ಬೋರ್ಡಿನ ಎಂಜಿನ್ ದೀಪ ಸುಮ್ಮನೆ ಉರಿಯದೆ ಮಿಣುಕಿದರೆ ಈ ಅಪಾಯದ ಎಚ್ಚರಿಕೆಯೆಂದೇ ತಿಳಿದು, ವೇಗ ತಗ್ಗಿಸಿ, ಸುರಕ್ಷಿತವಾದ ಎಡೆಯಲ್ಲಿ ನಿಲ್ಲಿಸಬೇಕು. ಮಕ್ಕಳನ್ನು ಕೂರಿಸಿಕೊಂಡು, ಹಿಂದೆ ಭಾರದ ಲಾರಿಯಿರುವಾಗ, ಘಟ್ಟದ ಏರಿನಲ್ಲಿ ಕಾರು ಬಲಗುಂದುವುದು ಹಣದ ಪ್ರಶ್ನೆಯಷ್ಟೇ ಅಲ್ಲ.

ಆದುದರಿಂದ ಗೃಹಸ್ಥನು ಕಾರ್ಖಾನೆಗೆ ಹೋಗುವಾಗ ಎರಡು ವಸ್ತುಗಳನ್ನು ಒಯ್ಯುವುದು ಮೇಲು. ಒಂದು, ಮುಗ್ಗರಿಕೆ ಯಾವಾಗ, ಎಲ್ಲಿ, ಹೇಗೆ ಕಾಣಿಸಿತೆಂಬುದನ್ನು ನಾಲ್ಕು ಸಾಲಿನಲ್ಲಿ ಬರೆದ ಚೀಟಿ. ಪ್ಲಗ್ಗು, ಫಿಲ್ಟರು, ಟ್ಯಾಪೆಟ್ಟುಗಳ ಆರೈಕೆ ಕೊನೆಯ ಬಾರಿ ನಡೆದ ದಿನಾಂಕವೂ ಅದರಲ್ಲಿರಲಿ. ಎರಡು, ವಿನಯದ ಒಂದು ಪ್ರಶ್ನೆ: “ಒತ್ತಡ ಅಳೆದು ನೋಡಿದಿರಾ? ಅಂಕಿಗಳೇನು ಬಂದವು?” ಕೆಲಸ ಬಲ್ಲವನು ಈ ಪ್ರಶ್ನೆಗೆ ಸಂತೋಷಿಸಿ ಅಂಕಿಗಳನ್ನು ತೋರಿಸುತ್ತಾನೆ. ಅಳೆಯದವನು ಸಿಡುಕುತ್ತಾನೆ, ಆಗ ಕೀಲಿಕೈಯನ್ನು ಮರಳಿ ಪಡೆದು ಬೇರೆಡೆಗೆ ಹೋಗುವುದರಲ್ಲಿ ತಪ್ಪಿಲ್ಲ. ಅಂಕಿಗಳು ನಿಜವಾಗಿಯೂ ಎಲ್ಲ ಸಿಲಿಂಡರುಗಳಲ್ಲೂ ತಗ್ಗಿದ್ದರೆ, ಹಳೆಯ ಎಂಜಿನ್ನಿಗೆ ಹಣ ಸುರಿಯಬೇಕೋ ಕಾರನ್ನು ಬೀಳ್ಕೊಡಬೇಕೋ ಎಂಬುದನ್ನು ಮನೆಯವರೆಲ್ಲ ಕುಳಿತು ಯೋಚಿಸಬಹುದು. ಬೀಳ್ಕೊಡುವುದೇ ಆದರೂ, ಒಂದು ಪ್ಲಗ್ಗಿನ ದೋಷಕ್ಕಾಗಿ ಅಲ್ಲವೆಂಬ ನೆಮ್ಮದಿಯಾದರೂ ಆಗ ಉಳಿಯುತ್ತದೆ.