ಟೊಪ್ಪಿ ಜೇಬಿನಲ್ಲಿರಲಿ, ಹೆಲ್ಮೆಟ್ ತಲೆಯಲ್ಲಿರಲಿ

ರಂಝಾನ್ ರಾತ್ರಿಗಳಲ್ಲಿ ತರಾವೀಹ್ ಮುಗಿದ ಕೂಡಲೇ ನಮ್ಮ ಮಸೀದಿಗಳ ಅಂಗಳದಿಂದ ಬೈಕುಗಳು ಸಾಲುಗಟ್ಟಿ ಹೊರಡುತ್ತವೆ. ಮೈಮೇಲೆ ಬಿಳಿ ಬಟ್ಟೆ, ತಲೆಯಲ್ಲಿ ಟೊಪ್ಪಿ, ಒಂದೊಂದು ಬೈಕಿನಲ್ಲಿ ಮೂರು ಮೂರು ಜನ. ನೇರ ಮನೆಗೆ ಹೋಗುವವರು ಕೆಲವರು, ಚಹಾ ಕುಡಿಯಲೆಂದು ಹೈವೇ ಕಡೆ ತಿರುಗುವವರು ಹಲವರು. ಸ್ವಲಾತ್ ಮಜ್ಲಿಸ್ ಇರಲಿ, ಉರೂಸ್ ಇರಲಿ, ಮದುವೆಯ ಹಿಂದಿನ ರಾತ್ರಿ ಇರಲಿ, ಇದೇ ದೃಶ್ಯ. ಹೆಲ್ಮೆಟ್ ಇದ್ದರೂ ಅದು ಕನ್ನಡಿಯಲ್ಲಿ ನೇತಾಡುತ್ತಿರುತ್ತದೆ.

ಹುಡುಗರನ್ನು ದೂರುವ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಒಂದು ರಾತ್ರಿ ಮೌಲೂದ್ ಮುಗಿಸಿ ಬರುತ್ತಿದ್ದೆ. ಸಣ್ಣಗೆ ಮಳೆ ಹನಿಯುತ್ತಿತ್ತು. ಎದುರಿನ ಕಾರಿನ ಹೈಬೀಮ್ ಕಣ್ಣಿಗೆ ಹೊಡೆಯಿತು. ಕಾರು ದಾಟಿದ ಮೇಲೆ ನೋಡಿದರೆ ಮುಂದೆಯೇ ಒಂದು ಲಾರಿ ನಿಂತಿದೆ, ದೀಪವಿಲ್ಲ, ಏನಿಲ್ಲ. ಹೇಗೋ ಬಲಕ್ಕೆ ಎಳೆದೆ, ಜಾರಿ ಬಿದ್ದೆ. ಮೊಣಕೈ ಕಿತ್ತುಹೋಯಿತು, ಅಷ್ಟೇ. ಅಲ್‌ಹಮ್ದುಲಿಲ್ಲಾಹ್. ಮರುದಿನ ಬೆಳಿಗ್ಗೆ ಕೈಗೆ ಬ್ಯಾಂಡೇಜ್ ಸುತ್ತಿಕೊಂಡೇ ಮದ್ರಸಕ್ಕೆ ಹೋದೆ. ಮಕ್ಕಳಿಗೆ ನಡೆದದ್ದನ್ನು ಹೇಳಿದಾಗ ನಾಲ್ಕನೇ ತರಗತಿಯ ಒಬ್ಬ ಹುಡುಗ ಕೇಳಿದ: "ಉಸ್ತಾದ್, ನಿಮ್ಮ ಹೆಲ್ಮೆಟ್ ಎಲ್ಲಿತ್ತು?" ಅದು ಕನ್ನಡಿಯಲ್ಲಿ ನೇತಾಡುತ್ತಿತ್ತು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಟೊಪ್ಪಿ ಇರುವ ತಲೆಗೆ ಹೆಲ್ಮೆಟ್ ಯಾಕೆ ಎಂದು ಅಷ್ಟು ವರ್ಷ ಮಕ್ಕಳ ಕಣ್ಣೆದುರೇ ತೋರಿಸಿಕೊಟ್ಟವನು ನಾನೇ ಆಗಿದ್ದೆ.

ಹಗಲಿನಲ್ಲಿ ಓಡಿಸಿ ಅಭ್ಯಾಸವಾದ ದಾರಿಯೇ ಆದರೂ ರಾತ್ರಿ ಅದು ಬೇರೆಯೇ ದಾರಿ. ಇದಕ್ಕೆ ಸಣ್ಣ ಲೆಕ್ಕವೊಂದಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಡ್ಡ ಬಂದದ್ದು ಏನೆಂದು ತಿಳಿದು ಕೈಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದಿರುತ್ತದೆ, ಅಂದರೆ 25 ಮೀಟರ್ ಮುಗಿದಿರುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಒಣ ರಸ್ತೆಯಲ್ಲೇ ಇನ್ನೂ ಸುಮಾರು 20 ಮೀಟರ್ ಬೇಕು. ಡಿಮ್ ಲೈಟಿನಲ್ಲಿ ಸ್ಪಷ್ಟವಾಗಿ ಕಾಣುವುದು ಹೆಚ್ಚೆಂದರೆ 40 ಮೀಟರ್. ಹಾಗಾದರೆ ದನ ಅಡ್ಡ ಬಂದರೆ ನಾವು ನಿಲ್ಲುವುದೆಲ್ಲಿ? ಅದೇ 40ರ ವೇಗದಲ್ಲಿದ್ದರೆ ಮೂವತ್ತು ಮೀಟರಿನ ಒಳಗೆ ನಿಲ್ಲಬಹುದು. ಮಳೆಗಾಲದಲ್ಲಿ, ಮೀನಿನ ಲಾರಿಯ ನೀರು ಚೆಲ್ಲಿದ ಜಾಗದಲ್ಲಿ ಈ ಲೆಕ್ಕವೂ ಸಾಲದು, ಇನ್ನೂ ನಿಧಾನ ಬೇಕು.

ಅಪಘಾತ ಆದಾಗ ನಾವು "ಅವನ ಆಯುಷ್ಯ ಅಷ್ಟೇ ಇತ್ತು" ಎನ್ನುತ್ತೇವೆ. ತಕ್ದೀರ್‌ನಲ್ಲಿ ನಂಬಿಕೆ ಈಮಾನಿನ ಭಾಗ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಮಾತು ದುಃಖದಲ್ಲಿರುವ ಉಮ್ಮನನ್ನು ಸಮಾಧಾನಪಡಿಸಲು ಇರುವುದು, ನಮ್ಮ ಅಜಾಗ್ರತೆಯನ್ನು ಮುಚ್ಚಲು ಅಲ್ಲ. ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್ ಮಾಡಬೇಕೆಂಬ ಪ್ರವಾದಿವರ್ಯರ (ಸ) ಪಾಠವನ್ನು ಮದ್ರಸದ ಚಿಕ್ಕ ಮಕ್ಕಳೂ ಕಲಿತಿರುತ್ತಾರೆ. ಹೆಲ್ಮೆಟಿನ ಬೆಲ್ಟ್ ಹಾಕುವುದು ಇವತ್ತಿನ ನಮ್ಮ ಒಂಟೆ ಕಟ್ಟುವ ಕೆಲಸ. ಜೀವದ ರಕ್ಷಣೆ ಶರೀಅತ್‌ನ ಐದು ಮುಖ್ಯ ಉದ್ದೇಶಗಳಲ್ಲಿ ಒಂದು. ಪ್ರಯಾಣದಲ್ಲಿ ರಾತ್ರಿ ತಂಗುವವರು ದಾರಿಯ ಮೇಲೆ ತಂಗಬಾರದು ಎಂದು ಕೂಡ ಪ್ರವಾದಿವರ್ಯರು (ಸ) ಕಲಿಸಿದ್ದಾರೆ. ರಾತ್ರಿ ಹೈವೇ ಅಂಚಿನಲ್ಲಿ ಬೈಕ್ ನಿಲ್ಲಿಸಿ ಅದರ ಮೇಲೇ ಕುಳಿತು ಹರಟುವವರು ಈ ಪಾಠವನ್ನು ನೆನಪು ಮಾಡಿಕೊಳ್ಳಬೇಕು.

ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ಟೊಪ್ಪಿಯನ್ನು ಜೇಬಿಗೆ ಹಾಕಿ, ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿಯಿರಿ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು, ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಕಾನೂನು ಅದನ್ನು ಕಡ್ಡಾಯ ಮಾಡಿದೆ. ಗೀರು ಬಿದ್ದ ಅಥವಾ ಕಪ್ಪು ಬಣ್ಣದ ಗ್ಲಾಸ್ ರಾತ್ರಿಗೆ ಆಗುವುದಿಲ್ಲ. ಎದುರಿನಿಂದ ಹೈಬೀಮ್ ಬಂದರೆ ಬೆಳಕನ್ನು ನೋಡಬೇಡಿ, ರಸ್ತೆಯ ಎಡ ಅಂಚನ್ನು ನೋಡುತ್ತಾ ವೇಗ ಇಳಿಸಿ. ನೀವೂ ಡಿಮ್ ಮಾಡಿ. ಯೂ ಟರ್ನ್ ದೂರ ಇದೆ ಎಂದು ರಾಂಗ್ ಸೈಡಿನಲ್ಲಿ ಬರಬೇಡಿ, ಆ ಎರಡು ನಿಮಿಷ ಉಳಿಸಿ ಯಾರೂ ಶ್ರೀಮಂತರಾಗಿಲ್ಲ. ಹಿಂದೆ ಕೂರುವ ಹೆಂಗಸರ ಬುರ್ಖಾದ ತುದಿ, ಶಾಲಿನ ತುದಿ ಚಕ್ರಕ್ಕೆ ಸಿಗದಂತೆ ಎತ್ತಿ ಕೂರಲಿ. ಕಪ್ಪು ಬಟ್ಟೆ ಕತ್ತಲಲ್ಲಿ ಹಿಂದಿನ ವಾಹನದವರಿಗೆ ಕಾಣುವುದಿಲ್ಲ. ಹೆಲ್ಮೆಟಿನ ಹಿಂಬದಿಗೆ ಹೊಳೆಯುವ ಸ್ಟಿಕ್ಕರಿನ ಒಂದು ಪಟ್ಟಿ ಅಂಟಿಸಿದರೆ ದೂರದಿಂದಲೇ ಗೊತ್ತಾಗುತ್ತದೆ. ಕಣ್ಣು ಎಳೆಯುತ್ತಿದ್ದರೆ ಬೈಕ್ ನಿಲ್ಲಿಸಿ. ಸಹರಿವರೆಗೆ ಎದ್ದಿದ್ದು, ಸುಬ್‌ಹಿ ಮುಗಿಸಿ ಬೈಕಿನಲ್ಲೇ ದೂರದ ಊರಿಗೆ ಹೊರಡುವ ಹುಡುಗರಿಗೆ ಇದು ಮುಖ್ಯ. ಚಹಾ ನಿದ್ದೆಯನ್ನು ಮುಂದೂಡಬಹುದು, ನಿದ್ದೆಯ ಜಾಗ ತುಂಬಲಾರದು.

ಈಗ ಮನೆಯವರಿಗೆ ಒಂದು ಮಾತು. ಹದಿನೈದು, ಹದಿನಾರು ವರ್ಷದ ಮಗನ ಕೈಗೆ ಕೀ ಕೊಡುವುದು ಪ್ರೀತಿಯಲ್ಲ. ಗಲ್ಫಿನಲ್ಲಿ ದುಡಿಯುವ ಉಪ್ಪ ಫೋನಿನಲ್ಲಿ ಮಗನ ಹಟಕ್ಕೆ ಸೋಲುತ್ತಾರೆ, ಇಲ್ಲಿ ಉಮ್ಮ ಬಾಗಿಲಲ್ಲಿ ಕಾಯುತ್ತಾ ಕೂರುತ್ತಾರೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಇಲ್ಲ. ಪಕ್ಕದ ಮನೆಯ ಹುಡುಗ "ಐದು ನಿಮಿಷ ಕೊಡಿ ಕಾಕ" ಎಂದು ಕೇಳಿ ಕೊಂಡೊಯ್ದ ಬೈಕಿಗೂ ಇದೇ ಕಾನೂನು. ದಂಡ ಬಿಡಿ, ದಾರಿಯಲ್ಲಿ ನಡೆದು ಹೋಗುತ್ತಿದ್ದ ಬೇರೆಯವರ ಮಗುವಿಗೆ ಏನಾದರೂ ಆದರೆ ಆ ಹಕ್ಕಿನ ಬಾಧ್ಯತೆ ಯಾರ ಕೊರಳಿಗೆ?

ಜಮಾಅತ್ ಕಮಿಟಿಯವರಲ್ಲಿಯೂ ಒಂದು ವಿನಂತಿ. ರಾತ್ರಿ ಕಾರ್ಯಕ್ರಮಗಳನ್ನು ಹೇಳಿದ ಹೊತ್ತಿಗೆ ಮುಗಿಸಿ. ದುಆ ಆದ ಮೇಲೆ ಮೈಕಿನಲ್ಲಿ ಚಂದಾದ ಲೆಕ್ಕ ಓದುವಂತೆಯೇ "ಹೆಲ್ಮೆಟ್ ಹಾಕಿ, ಇಬ್ಬರೇ ಹೋಗಿ" ಎಂದು ಒಂದು ಸಾಲು ಹೇಳಿ. ಗೇಟಿನಲ್ಲಿ ಟಾರ್ಚ್ ಹಿಡಿದ ಇಬ್ಬರು ಸ್ವಯಂಸೇವಕರನ್ನು ನಿಲ್ಲಿಸಿ. ಉಸ್ತಾದರು, ಖತೀಬರು ಮೊದಲು ತಾವೇ ಹೆಲ್ಮೆಟ್ ಹಾಕಿ ಗೇಟು ದಾಟಲಿ. ಮಕ್ಕಳು ನಮ್ಮ ಪ್ರವಚನ ಕೇಳುವುದಕ್ಕಿಂತ ಹೆಚ್ಚಾಗಿ ನಮ್ಮ ಬೈಕನ್ನು ನೋಡುತ್ತಾರೆ.

ಆ ಹುಡುಗನ ಪ್ರಶ್ನೆಯ ನಂತರ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮೊದಲು ಬೆಲ್ಟ್ ಹಾಕುತ್ತೇನೆ, ಆಮೇಲೆ ವಾಹನ ಏರುವ ದುಆ ಓದುತ್ತೇನೆ, ನಂತರ ಕೀ ತಿರುಗಿಸುತ್ತೇನೆ. ಅವನು ಈಗಲೂ ಕೆಲವೊಮ್ಮೆ ಗೇಟಿನ ಹತ್ತಿರ ನಿಂತು ನೋಡುತ್ತಾನೆ. ನೋಡಲಿ. ಮದ್ರಸದಲ್ಲಿ ಕಲಿತ ಮಕ್ಕಳ ಮಯ್ಯತ್ ನಮಾಝ್‌ಗೆ ಉಸ್ತಾದರು ನಿಲ್ಲುವ ಹಾಗೆ ಆಗಬಾರದು; ನಮ್ಮ ಮಯ್ಯತ್ ನಮಾಝ್‌ಗೆ ಅವರು ನಿಲ್ಲಬೇಕು. ಅಲ್ಲಾಹನು ನಮ್ಮ ಮಕ್ಕಳನ್ನು ರಾತ್ರಿಯ ದಾರಿಗಳಲ್ಲಿ ಕಾಪಾಡಲಿ, ಆಮೀನ್.